ಹಳೆಯ ಲ್ಯಾಪ್‌ಟಾಪಿಗೆ ಎಂಥ ಎಸ್‌ಎಸ್‌ಡಿ?

ಅಕ್ಕನೋ ಅಣ್ಣನೋ ಕಾಲೇಜಿಗೆ ಸೇರಿದಾಗ ಕೊಂಡ ಲ್ಯಾಪ್‌ಟಾಪ್ ಎಷ್ಟೋ ಮನೆಗಳಲ್ಲಿ ಈಗ ತಮ್ಮ ತಂಗಿಯರ ಪಾಲಿಗೆ ಬಂದಿರುತ್ತದೆ. ಕೀಬೋರ್ಡ್ ಸರಿಯಾಗಿದೆ, ಪರದೆ ಸರಿಯಾಗಿದೆ. ಆದರೆ ಆನ್ ಮಾಡಿದರೆ ಏಳಲು ಮೂರು ನಾಲ್ಕು ನಿಮಿಷ ಬೇಕು. ಎದ್ದ ಮೇಲೂ ಒಂದು ಫೈಲ್ ತೆರೆಯಲು ತಿಣುಕಾಡುತ್ತದೆ. "ಇದು ಹಳೇದಾಯ್ತು, ಹೊಸದು ಕೊಡಿಸಿ" ಎಂದು ಅಪ್ಪ ಅಮ್ಮನ ಹತ್ತಿರ ಹಟ ಹಿಡಿಯುವ ಮುಂಚೆ ಸ್ವಲ್ಪ ತಾಳಿ. ಒಳಗೆ ಮಾಹಿತಿ ಇಡುವ ಭಾಗ ಹಾರ್ಡ್ ಡಿಸ್ಕ್ ಆಗಿದ್ದರೆ, ಈ ತಿಣುಕಾಟದ ಬಹುಪಾಲು ಅದರದ್ದೇ. ಅದನ್ನು ತೆಗೆಸಿ, ಅದೇ ಕೆಲಸವನ್ನು ಚಿಪ್‌ಗಳಿಂದ ಮಾಡುವ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಲ್ಯಾಪ್‌ಟಾಪ್ ನಿಮ್ಮ ಪಾಠಕ್ಕೆ, ಪ್ರಾಜೆಕ್ಟಿಗೆ, ಕೋಡಿಂಗ್ ಕಲಿಯುವುದಕ್ಕೆ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಸರಿ, ಎಸ್‌ಎಸ್‌ಡಿ ತರೋಣ ಎಂದು ಹೊರಟರೆ ಅಂಗಡಿಯಲ್ಲಿ ಹತ್ತಾರು ಬಗೆ. ಬೆಂಗಳೂರಿನ ಎಸ್‌.ಪಿ. ರೋಡಿನ ಒಂದೇ ಅಂಗಡಿಯಲ್ಲಿ ಒಂದೇ ಅಳತೆಯ ನಾಲ್ಕು ಡಬ್ಬಿಗಳನ್ನು ನಾಲ್ಕು ಬೆಲೆಗೆ ತೋರಿಸುತ್ತಾರೆ. ಕೈಯಲ್ಲಿರುವ ದುಡ್ಡು ಕಡಿಮೆ, ಮೋಸ ಹೋಗಬಾರದು. ಇಂಥ ಹೊತ್ತಿನಲ್ಲಿ ನಿಜಕ್ಕೂ ನೆರವಿಗೆ ಬರುವುದು ವಿಜ್ಞಾನವೇ ಎಂದು ನನ್ನ ನಂಬಿಕೆ. ಡಬ್ಬಿಯೊಳಗೆ ಏನು ನಡೆಯುತ್ತದೆಂದು ಗೊತ್ತಿದ್ದವರಿಗೆ ಡಬ್ಬಿಯ ಮೇಲಿನ ಯಾವ ಸಂಖ್ಯೆಗೆ ಬೆಲೆ ಕೊಡಬೇಕು, ಯಾವುದನ್ನು ಬಿಡಬಹುದು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಹಾರ್ಡ್ ಡಿಸ್ಕ್ ಯಾಕೆ ನಿಧಾನ ಅಂತ ನೋಡೋಣ. ಕೆಟ್ಟುಹೋದದ್ದು ಒಂದು ಸಿಕ್ಕರೆ ದೊಡ್ಡವರನ್ನು ಜೊತೆಗಿಟ್ಟುಕೊಂಡು ಬಿಚ್ಚಿ. ನಕ್ಷತ್ರದಾಕಾರದ ತೂತಿರುವ ಪುಟ್ಟ ಸ್ಕ್ರೂಗಳಿರುತ್ತವೆ. ಎಲ್ಲ ತೆಗೆದರೂ ಮುಚ್ಚಳ ಏಳದಿದ್ದರೆ ಸ್ಟಿಕರ್ ಮೇಲೆ ಬೆರಳಾಡಿಸಿ, ಒಂದು ಸ್ಕ್ರೂ ಅದರಡಿಯಲ್ಲಿ ಅಡಗಿರಬಹುದು. ಒಳಗೆ ಮುಖ ಕಾಣುವಷ್ಟು ಹೊಳೆಯುವ ದುಂಡನೆಯ ತಟ್ಟೆ, ಅದರ ಮೇಲಕ್ಕೆ ಚಾಚಿದ ತೆಳ್ಳಗಿನ ಒಂದು ತೋಳು, ತೋಳಿನ ತುದಿಯಲ್ಲಿ ಎಳ್ಳಿಗಿಂತ ಚಿಕ್ಕದಾದ, ಮಾಹಿತಿಯನ್ನು ಓದಿ ಬರೆಯುವ ಒಂದು ಹೆಡ್. ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ತಟ್ಟೆ ಗಾಜಿನದ್ದೂ ಆಗಿರುತ್ತದೆ, ಬಗ್ಗಿಸಲು ಹೋಗಬೇಡಿ, ಚೂರು ಸಿಡಿಯುತ್ತದೆ. ತಟ್ಟೆಯ ಮೇಲೆ ಕಾಂತೀಯ ಲೇಪವಿದೆ. ನಿಮ್ಮ ಫೋಟೊ, ಹಾಡು, ಹೋಂವರ್ಕ್ ಎಲ್ಲವೂ ಆ ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಾಂತಗಳ ಸಾಲುಗಳಾಗಿ ಕೂತಿರುತ್ತವೆ.

ಬೇಕಾದ ಮಾಹಿತಿ ಸಿಗಬೇಕಾದರೆ ತೋಳು ಸರಿಯಾದ ಸಾಲಿಗೆ ಸರಿಯಬೇಕು, ಆಮೇಲೆ ತಟ್ಟೆ ತಿರುಗಿ ಸರಿಯಾದ ಜಾಗ ಹೆಡ್‌ನ ಕೆಳಗೆ ಬರಬೇಕು. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 90 ಸುತ್ತು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಜಾಗ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಐದೂವರೆ ಮಿಲಿಸೆಕೆಂಡ್. ತೋಳು ಸರಿಯಲು ಇನ್ನೊಂದು ಹತ್ತು ಹನ್ನೆರಡು. ಒಟ್ಟು 17 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಬೇಗ! ಆದರೆ ಕಂಪ್ಯೂಟರ್ ಏಳುವಾಗ ಒಂದು ದೊಡ್ಡ ಫೈಲನ್ನು ಓದಿ ಸುಮ್ಮನಾಗುವುದಿಲ್ಲ. ಅಲ್ಲಲ್ಲಿ ಚದುರಿದ ಸಾವಿರಾರು ಚಿಕ್ಕ ಚಿಕ್ಕ ತುಣುಕುಗಳನ್ನು ಹುಡುಕಿ ತರುತ್ತದೆ. ಲೆಕ್ಕಕ್ಕಾಗಿ ಹತ್ತು ಸಾವಿರ ತುಣುಕು ಅನ್ನೋಣ. 10,000 ಸಲ 17 ಮಿಲಿಸೆಕೆಂಡ್ ಅಂದರೆ 170 ಸೆಕೆಂಡ್, ಹತ್ತಿರ ಹತ್ತಿರ ಮೂರು ನಿಮಿಷ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಸರಿಯುವ ತೋಳೂ ಇಲ್ಲ. ಒಂದು ತುಣುಕು ತರಲು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅದೇ ಹತ್ತು ಸಾವಿರ ತುಣುಕಿಗೆ ಒಂದು ಸೆಕೆಂಡ್. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರುವ "ಸೆಕೆಂಡಿಗೆ ಇಷ್ಟು ಎಂಬಿ" ಎಂಬ ಸಂಖ್ಯೆ ಈ ಲೆಕ್ಕದಲ್ಲಿ ಎಲ್ಲೂ ಬರಲೇ ಇಲ್ಲ, ಗಮನಿಸಿದಿರಾ? ನಿಮ್ಮ ಲ್ಯಾಪ್‌ಟಾಪ್ ಚುರುಕಾಗುವುದು ಹುಡುಕಾಟದ ಸಮಯ ಉಳಿಯುವುದರಿಂದ. ಆ ಉಳಿತಾಯ ಎಲ್ಲಕ್ಕಿಂತ ಅಗ್ಗದ ಪ್ರಾಮಾಣಿಕ ಎಸ್‌ಎಸ್‌ಡಿಯಲ್ಲೂ ಸಿಗುತ್ತದೆ.

ಎರಡೂವರೆ ಇಂಚಿನ ಒಂದು ಅಗ್ಗದ ಎಸ್‌ಎಸ್‌ಡಿ ಕೈಗೆ ತೆಗೆದುಕೊಂಡರೆ ಖಾಲಿ ಡಬ್ಬಿಯೇನೋ ಅನ್ನಿಸುವಷ್ಟು ಹಗುರ. ನಿಜಕ್ಕೂ ಒಳಗೆ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿಯೇ. ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್, ಅದರ ಮೇಲೆ ಮೂರೋ ನಾಲ್ಕೋ ಕಪ್ಪು ಚಿಪ್, ಅಷ್ಟೇ. ಅವುಗಳಲ್ಲಿ ಒಂದು ಕಂಟ್ರೋಲರ್, ಉಳಿದವು ನೆನಪಿನ ಚಿಪ್‌ಗಳು. ಈ ನೆನಪಿನ ಚಿಪ್ಪಿನ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲೋಣ.

1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೊರಿಯಾ ಮೂಲದ ಡಾವನ್ ಕಾಂಗ್ ಮತ್ತು ಚೀನಾದಲ್ಲಿ ಹುಟ್ಟಿದ ಸೈಮನ್ ಝೆ ಎಂಬ ಇಬ್ಬರು ವಿಜ್ಞಾನಿಗಳಿದ್ದರು. ಊಟದ ಕೊನೆಗೆ ಪದರ ಪದರವಾಗಿದ್ದ ಚೀಸ್‌ಕೇಕ್ ತಿನ್ನುವಾಗ, ಟ್ರಾನ್ಸಿಸ್ಟರ್ ಎಂಬ ಪುಟ್ಟ ಸ್ವಿಚ್ಚಿಗೂ ಇನ್ನೊಂದು ಪದರ ಸೇರಿಸಿದರೆ ಹೇಗೆ ಎಂಬ ಯೋಚನೆ ಬಂತೆಂದು ಝೆ ಮುಂದೆ ನೆನಪಿಸಿಕೊಂಡಿದ್ದಾರೆ. ಆ ಹೊಸ ಪದರ ಮೇಲೂ ಕೆಳಗೂ ಅವಾಹಕದ ನಡುವೆ ಸಿಕ್ಕಿಕೊಂಡಿತ್ತು. ಅವಾಹಕ ಎಂದರೆ ವಿದ್ಯುತ್ತನ್ನು ಹರಿಯಗೊಡದ ವಸ್ತು. ಯಾವ ತಂತಿಯೂ ಆ ಪದರವನ್ನು ಮುಟ್ಟುವುದಿಲ್ಲ. ಅದರೊಳಕ್ಕೆ ಹೇಗಾದರೂ ಎಲೆಕ್ಟ್ರಾನ್‌ಗಳನ್ನು ನುಗ್ಗಿಸಿದರೆ ಅವು ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ಉಳಿಯುತ್ತವೆ. ಕರೆಂಟ್ ಹೋದರೂ ಉಳಿಯುತ್ತವೆ. ಎಲೆಕ್ಟ್ರಾನ್ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು ಅರ್ಥ. ಅದೇ ನೆನಪು. ಹೀಗೆ ನೆನಪಿಡುವ ಒಂದೊಂದು ಟ್ರಾನ್ಸಿಸ್ಟರನ್ನು ಕೋಶ ಎನ್ನುತ್ತಾರೆ.

ದಾರಿಯೇ ಇಲ್ಲದ ಮೇಲೆ ಒಳಗೆ ಹೋಗುವುದು ಹೇಗೆ? ಸುತ್ತಲಿನ ಅವಾಹಕದ ಗೋಡೆ ಏಳೆಂಟು ನ್ಯಾನೊಮೀಟರ್ ದಪ್ಪ, ನಿಮ್ಮ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲು. ಅಷ್ಟು ತೆಳುವಾದ ಗೋಡೆಯಿರುವ ಕೋಶಕ್ಕೆ ಇಪ್ಪತ್ತು ವೋಲ್ಟಿನಷ್ಟು ಒತ್ತಡ ಕೊಟ್ಟರೆ ಎಲೆಕ್ಟ್ರಾನ್‌ಗಳು ಗೋಡೆಯನ್ನು ಹತ್ತದೆ, ತೂತು ಕೊರೆಯದೆ, ಆಚೆ ಬದಿಯಲ್ಲಿ ಕಾಣಿಸಿಕೊಳ್ಳುತ್ತವೆ! ಎಲೆಕ್ಟ್ರಾನ್ ಬರಿಯ ಕಣವಲ್ಲ, ಅದಕ್ಕೆ ಅಲೆಯ ಗುಣವೂ ಇದೆ. ಅಲೆಯ ಒಂದು ಪಾಲು ಗೋಡೆಯಾಚೆಗೂ ಚಾಚಿರುತ್ತದೆ. ಇದಕ್ಕೆ ಕ್ವಾಂಟಮ್ ಟನೆಲಿಂಗ್ ಎನ್ನುತ್ತಾರೆ. ಹೀಗೆ ಬಲವಾದ ವಿದ್ಯುತ್ ಕ್ಷೇತ್ರದಲ್ಲಿ ಎಲೆಕ್ಟ್ರಾನ್ ಹೊರಬರುವ ಗಣಿತವನ್ನು ಫೌಲರ್ ಮತ್ತು ನಾರ್ಡ್‌ಹೈಮ್ 1928ರಲ್ಲೇ ಬರೆದಿದ್ದರು. ನೀವು ಒಂದು ಫೋಟೊ ಸೇವ್ ಮಾಡಿದಾಗಲೆಲ್ಲ ಕೋಟಿಗಟ್ಟಲೆ ಎಲೆಕ್ಟ್ರಾನ್‌ಗಳು ಈ ಕೆಲಸ ಮಾಡುತ್ತವೆ. ಇಂಥ ಕೋಶಗಳನ್ನು ಒತ್ತೊತ್ತಾಗಿ ಜೋಡಿಸಿ ಅಗ್ಗಕ್ಕೆ ತಯಾರಿಸುವ ವಿಧಾನ ಕೊಟ್ಟವರು ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ. ಅವರ ತಂಡ 1987ರಲ್ಲಿ ಪ್ರಕಟಿಸಿದ ನ್ಯಾಂಡ್ ಫ್ಲ್ಯಾಶ್ ಇವತ್ತು ಪೆನ್ ಡ್ರೈವ್, ಮೊಬೈಲ್, ಎಸ್‌ಎಸ್‌ಡಿ ಎಲ್ಲದರೊಳಗೂ ಇದೆ. ಆಮೇಲೆ ಕೋಶಗಳನ್ನು ಒಂದರ ಮೇಲೊಂದು ಪೇರಿಸಲು ಕಲಿತರು. 2013ರಲ್ಲಿ ಸ್ಯಾಮ್‌ಸಂಗ್ 24 ಪದರಗಳಿಂದ ಶುರು ಮಾಡಿತು, ಈಗ 200 ದಾಟಿದೆ.

ಗೋಡೆ ದಾಟುವ ಈ ಆಟ ಪುಕ್ಕಟೆ ನಡೆಯುವುದಿಲ್ಲ. ಪ್ರತಿ ಸಲ ಬರೆದು ಅಳಿಸಿದಾಗ ಗೋಡೆಗೆ ಚೂರು ಪೆಟ್ಟಾಗುತ್ತದೆ. ಸಾವಿರಾರು ಸಲ ಆದ ಮೇಲೆ ಗೋಡೆ ಸೋರಲು ತೊಡಗುತ್ತದೆ. ಆದ್ದರಿಂದ ಎಸ್‌ಎಸ್‌ಡಿಗೆ ಬರೆಯುವುದರಲ್ಲಿ ಒಂದು ಆಯುಸ್ಸಿದೆ. ಓದುವುದರಿಂದ ಆಗುವ ಸವೆತ ಲೆಕ್ಕಕ್ಕಿಲ್ಲದಷ್ಟು ಕಡಿಮೆ.

ಇನ್ನು ಬೆಲೆಯ ಗುಟ್ಟು. ಒಂದು ಲೋಟ ಇದೆ ಅಂದುಕೊಳ್ಳಿ. ನೀರು ತುಂಬಿದೆಯೋ ಖಾಲಿಯೋ ಎಂದಷ್ಟೇ ನೋಡಿದರೆ ಆ ಲೋಟ ಎರಡು ವಿಷಯ ಹೇಳಬಲ್ಲದು. ನಾಲ್ಕು ಮಟ್ಟಗಳನ್ನು ಗುರುತಿಸಿದರೆ ನಾಲ್ಕು, ಎಂಟು ಮಟ್ಟಗಳನ್ನು ಗುರುತಿಸಿದರೆ ಎಂಟು. ಲೋಟ ಅದೇ, ಹೇಳುವ ವಿಷಯ ಜಾಸ್ತಿ. ಕೋಶದಲ್ಲಿ ನೀರಿನ ಬದಲು ಎಲೆಕ್ಟ್ರಾನ್. ಎರಡೇ ಮಟ್ಟ ಇಟ್ಟರೆ ಕೋಶಕ್ಕೆ ಒಂದು ಬಿಟ್ (0 ಅಥವಾ 1), ಅದು ಎಸ್‌ಎಲ್‌ಸಿ. ನಾಲ್ಕು ಮಟ್ಟಕ್ಕೆ ಎರಡು ಬಿಟ್, ಎಂಎಲ್‌ಸಿ. ಎಂಟು ಮಟ್ಟಕ್ಕೆ ಮೂರು, ಟಿಎಲ್‌ಸಿ. ಹದಿನಾರು ಮಟ್ಟಕ್ಕೆ ನಾಲ್ಕು, ಕ್ಯೂಎಲ್‌ಸಿ. ಅಷ್ಟೇ ಕೋಶಗಳಲ್ಲಿ ಹೆಚ್ಚು ಬಿಟ್ ತುಂಬಿದರೆ ಜಿಬಿಗೆ ತಗಲುವ ಖರ್ಚು ಇಳಿಯುತ್ತದೆ. ಆದರೆ ಮಟ್ಟಗಳು ಹತ್ತಿರ ಹತ್ತಿರ ಬಂದಂತೆ ಸ್ವಲ್ಪ ಸೋರಿದರೂ ಐದನೆಯದೋ ಆರನೆಯದೋ ಎಂಬ ಗೊಂದಲ. ತುಂಬುವಾಗ ನಾಜೂಕಾಗಿ, ನಿಧಾನವಾಗಿ ತುಂಬಬೇಕು. ಸವೆದ ಗೋಡೆಯನ್ನು ಸಹಿಸುವ ಶಕ್ತಿಯೂ ಕಡಿಮೆ. ಎಸ್‌ಎಲ್‌ಸಿ ಕೋಶ ಲಕ್ಷದ ಹತ್ತಿರ ಸಲ ಬರೆಯುವುದನ್ನು ತಾಳಿಕೊಂಡರೆ, ಟಿಎಲ್‌ಸಿ ಒಂದರಿಂದ ಮೂರು ಸಾವಿರ ಸಲ, ಕ್ಯೂಎಲ್‌ಸಿ ಅದಕ್ಕೂ ಕಡಿಮೆ.

ಈಗ ನೀವೇ ಲೆಕ್ಕ ಹಾಕಿ. ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಹೋದಾಗ ಸಿಗುವ ಜಾಗ ಮೂರರಿಂದ ನಾಲ್ಕಕ್ಕೆ ಏರಿತು, ಮೂರನೇ ಒಂದು ಪಾಲು ಮಾತ್ರ ಲಾಭ. ಮಟ್ಟಗಳು ಎಂಟರಿಂದ ಹದಿನಾರಾದವು, ಕಷ್ಟ ಎರಡು ಪಟ್ಟು. ಹೀಗಾಗಿ ಬೆಲೆಯ ವ್ಯತ್ಯಾಸ ಇನ್ನೂರು ಮುನ್ನೂರು ರೂಪಾಯಿ ಮಾತ್ರ ಇದ್ದರೆ ನಾನಂತೂ ಟಿಎಲ್‌ಸಿ ಕಡೆಗೇ ಕೈ ತೋರಿಸುತ್ತೇನೆ. ಪಾಠದ ವಿಡಿಯೊ, ಪುಸ್ತಕ ತುಂಬಿಟ್ಟುಕೊಂಡು ಓದುವುದೇ ಹೆಚ್ಚು ಎನ್ನುವವರಿಗೆ ಕ್ಯೂಎಲ್‌ಸಿ ಕೂಡ ನಡೆಯುತ್ತದೆ. ಒಮ್ಮೆಲೇ ದೊಡ್ಡ ದೊಡ್ಡ ಫೈಲ್ ಕಾಪಿ ಮಾಡುವಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಕಂಪನಿಗಳು ಸ್ವಲ್ಪ ಜಾಗವನ್ನು ಎಸ್‌ಎಲ್‌ಸಿಯ ಹಾಗೆ ಎರಡೇ ಮಟ್ಟದಲ್ಲಿ ಬಳಸಿ ಮೊದಮೊದಲು ಬೇಗ ಬರೆದುಕೊಳ್ಳುತ್ತವೆ. ಆ ಜಾಗ ತುಂಬಿದೊಡನೆ ನಿಜವಾದ ವೇಗ ಹೊರಗೆ ಬರುತ್ತದೆ. ಸ್ಯಾಮ್‌ಸಂಗ್ 860 ಕ್ಯೂವಿಒ ಎಂಬ 1 ಟಿಬಿಯ ಕ್ಯೂಎಲ್‌ಸಿ ಎಸ್‌ಎಸ್‌ಡಿ ಸೆಕೆಂಡಿಗೆ 520 ಎಂಬಿಯಿಂದ 80 ಎಂಬಿಗೆ ಇಳಿಯುತ್ತದೆಂದು ಕಂಪನಿಯ ಮಾಹಿತಿಪತ್ರದಲ್ಲೇ ಇತ್ತು. ಹೀಗೆ ಬರೆದು ತಿಳಿಸುವ ಕಂಪನಿಯನ್ನು ಮೆಚ್ಚಬೇಕು. ಎಷ್ಟೋ ಅಗ್ಗದ ಡಬ್ಬಿಗಳ ಮೇಲೆ ಕೋಶ ಯಾವ ಬಗೆಯದೆಂದೇ ಇರುವುದಿಲ್ಲ.

ಕಂಟ್ರೋಲರ್ ಮಾಡುವ ಕೆಲಸವನ್ನೂ ತಿಳಿದುಕೊಳ್ಳಬೇಕು. ಫ್ಲ್ಯಾಶ್ ಚಿಪ್ಪಿಗೆ ಒಂದು ವಿಚಿತ್ರ ಸ್ವಭಾವವಿದೆ: ಬರೆಯುವುದು ಕೆಲವೇ ಕೆಬಿಯ ಪುಟದ ಲೆಕ್ಕದಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕ್. ನಿಮ್ಮ ಪ್ರಬಂಧದಲ್ಲಿ ಒಂದೇ ಒಂದು ಅಕ್ಷರ ತಿದ್ದಿದರೂ ಹಳೆಯ ಪುಟವನ್ನು ಅಲ್ಲೇ ಸರಿಪಡಿಸಲಾಗದು. ಕಂಟ್ರೋಲರ್ ಹೊಸ ಪುಟವನ್ನು ಬೇರೆ ಜಾಗದಲ್ಲಿ ಬರೆದು, ಹಳೆಯದನ್ನು ರದ್ದು ಎಂದು ಗುರುತಿಸಿ, ಬಿಡುವಾದಾಗ ಆ ಬ್ಲಾಕಿನಲ್ಲಿ ಉಳಿದ ಒಳ್ಳೆಯ ಪುಟಗಳನ್ನು ಬೇರೆಡೆಗೆ ಸಾಗಿಸಿ ಇಡೀ ಬ್ಲಾಕನ್ನು ಅಳಿಸುತ್ತದೆ. ಒಂದೇ ಬ್ಲಾಕ್ ಮೇಲೆ ಮತ್ತೆ ಮತ್ತೆ ಬರೆದು ಅದು ಬೇಗ ಸಾಯದಂತೆ ಕೆಲಸವನ್ನು ಎಲ್ಲ ಬ್ಲಾಕುಗಳಿಗೂ ಹಂಚುತ್ತದೆ. ಯಾವ ತುಣುಕು ಎಲ್ಲಿದೆ ಎಂಬ ನಕ್ಷೆಯೂ ಅದರ ಬಳಿಯೇ. ಆ ನಕ್ಷೆ ದೊಡ್ಡದು, 1 ಟಿಬಿಗೆ ಸುಮಾರು 1 ಜಿಬಿ. ದುಬಾರಿ ಎಸ್‌ಎಸ್‌ಡಿಗಳಲ್ಲಿ ಅದನ್ನಿಡಲು ಡಿರ್ಯಾಮ್ ಎಂಬ ಪ್ರತ್ಯೇಕ ಚಿಪ್ ಇರುತ್ತದೆ. ಅಗ್ಗದವುಗಳಲ್ಲಿ ಆ ಚಿಪ್ಪನ್ನು ಬಿಟ್ಟಿರುತ್ತಾರೆ. ಡಿರ್ಯಾಮ್ ಇಲ್ಲ ಎಂದ ಮಾತ್ರಕ್ಕೆ ಹೆದರಬೇಕಿಲ್ಲ, ಶಾಲೆಯ ಕೆಲಸಕ್ಕೆ ಅದರಿಂದ ತೊಂದರೆಯಾಗದು. ಆದರೆ ತುಂಬಿ ತುಳುಕುವಷ್ಟು ಫೈಲ್ ಹಾಕಬೇಡಿ. ಹತ್ತನೇ ಒಂದು ಪಾಲಾದರೂ ಖಾಲಿ ಬಿಟ್ಟರೆ ಕಂಟ್ರೋಲರಿಗೆ ಕೈಯಾಡಿಸಲು ಜಾಗ ಇರುತ್ತದೆ.

ಆಯುಸ್ಸಿನ ವಿಷಯದಲ್ಲಿ ನೋಡಬೇಕಾದದ್ದು ಟಿಬಿಡಬ್ಲ್ಯು ಎಂಬ ಸಂಖ್ಯೆ. ವಾರಂಟಿ ಮುಗಿಯುವುದರೊಳಗೆ ಎಷ್ಟು ಟಿಬಿ ಬರೆಯಬಹುದು ಎಂದು ಕಂಪನಿ ಕೊಡುವ ಮಾತು ಅದು. ಕಿಂಗ್‌ಸ್ಟನ್ ಎ400, ಕ್ರೂಶಿಯಲ್ ಬಿಎಕ್ಸ್500 ಈ ಎರಡರ 240 ಜಿಬಿ ಮಾದರಿಗೂ 80 ಟಿಬಿ, ಮೂರು ವರ್ಷದ ವಾರಂಟಿ. ನೀವು ದಿನಕ್ಕೆ 10 ಜಿಬಿ ಬರೆಯುತ್ತೀರಿ ಎನ್ನೋಣ, ಶಾಲೆಯ ಕೆಲಸಕ್ಕೆ ಅದು ಧಾರಾಳ. 80 ಟಿಬಿ ಎಂದರೆ 80,000 ಜಿಬಿ. 8,000 ದಿನ, ಹತ್ತಿರ ಹತ್ತಿರ 22 ವರ್ಷ! ಅಷ್ಟರಲ್ಲಿ ಲ್ಯಾಪ್‌ಟಾಪೇ ಇರುವುದಿಲ್ಲ. ಆದ್ದರಿಂದ ಮಾಮೂಲಿ ಮನೆಬಳಕೆಗೆ ಟಿಬಿಡಬ್ಲ್ಯು ದೊಡ್ಡದಿರಬೇಕೆಂದು ಜಾಸ್ತಿ ದುಡ್ಡು ಸುರಿಯಬೇಕಾಗಿಲ್ಲ. ಆದರೆ ಆ ಸಂಖ್ಯೆ ಎಲ್ಲೂ ಸಿಗದ, ಕಂಪನಿಯ ವೆಬ್‌ಸೈಟಿನಲ್ಲೂ ಹೇಳದ ಎಸ್‌ಎಸ್‌ಡಿಯನ್ನು ಮುಟ್ಟಬೇಡಿ.

ಇನ್ನೊಂದು ಸಂಗತಿ. ಎಲೆಕ್ಟ್ರಾನ್‌ಗಳು ಸುಮ್ಮನೆ ಕೂತಿದ್ದಾಗಲೂ ಒಂದೊಂದಾಗಿ ಸೋರುತ್ತವೆ, ಬಿಸಿ ಜಾಸ್ತಿಯಾದಷ್ಟೂ ಬೇಗ. ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರೆಯುವ ಆಯುಸ್ಸನ್ನೆಲ್ಲ ಮುಗಿಸಿದ ಮೇಲೂ, ಕರೆಂಟ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು ಎಂಬುದು ಉದ್ಯಮದ ಮಾನದಂಡ. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಆದರೂ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಬ್ಬಿಣದ ಬೀರುವಿನೊಳಗೆ ವರ್ಷಗಟ್ಟಲೆ ಇಡುವ ಮದುವೆ ಫೋಟೊಗಳಿಗೆ ಎಸ್‌ಎಸ್‌ಡಿ ತಕ್ಕ ಜಾಗವಲ್ಲ. ಲ್ಯಾಪ್‌ಟಾಪಿನಿಂದ ತೆಗೆದ ಹಾರ್ಡ್ ಡಿಸ್ಕ್ ಇನ್ನೂ ಚೆನ್ನಾಗಿದ್ದರೆ ಅದನ್ನು ಯುಎಸ್‌ಬಿ ಕೇಸಿಗೆ ಹಾಕಿಸಿ ಇನ್ನೊಂದು ಪ್ರತಿ ಅದರಲ್ಲಿಡಿ.

ಈಗ ಅಂಗಡಿಗೆ ಹೋಗೋಣ. ಹೋಗುವ ಮುಂಚೆ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಬರೆದುಕೊಳ್ಳಿ, ಅಡಿಯ ಸ್ಟಿಕರ್ ಮೇಲೆ ಇರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಕೂರುವ ಜಾಗ ಸಾಟಾ ಎಂಬ ಬಗೆಯದ್ದು. ಅದರ ದಾರಿಯೇ ಸೆಕೆಂಡಿಗೆ ಸುಮಾರು 550 ಎಂಬಿಗಿಂತ ಹೆಚ್ಚು ಬಿಡುವುದಿಲ್ಲ. ಎಂಥ ಎಸ್‌ಎಸ್‌ಡಿ ಹಾಕಿದರೂ ಅಷ್ಟೇ. ಸ್ವಲ್ಪ ಹೊಸ ಲ್ಯಾಪ್‌ಟಾಪುಗಳಲ್ಲಿ ಎಂ.2 ಎಂಬ ಚಿಕ್ಕ ಸ್ಲಾಟ್ ಇರುತ್ತದೆ. ಅದಕ್ಕೆ ಹೊಂದುವ ಪಟ್ಟಿ ಸಾಮಾನ್ಯವಾಗಿ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, ಅದಕ್ಕೇ 2280 ಎನ್ನುತ್ತಾರೆ. ಇಲ್ಲೊಂದು ಎಡವಟ್ಟಿದೆ: ಎಂ.2 ಆಕಾರದಲ್ಲೇ ಸಾಟಾ ಎಸ್‌ಎಸ್‌ಡಿಯೂ ಇದೆ, ಅದಕ್ಕಿಂತ ವೇಗದ ಎನ್‌ವಿಎಂಇ ಎಂಬ ಬಗೆಯ ಎಸ್‌ಎಸ್‌ಡಿಯೂ ಇದೆ. ಚಿನ್ನದ ಬಣ್ಣದ ಹಲ್ಲುಗಳ ಸಾಲನ್ನು ಹತ್ತಿರದಿಂದ ನೋಡಿ. ಸಾಲಿನ ನಡುವೆ ಎರಡು ಕಡೆ ಕಚ್ಚು ಇದ್ದರೆ ಸಾಮಾನ್ಯವಾಗಿ ಅದು ಸಾಟಾ, ಒಂದೇ ಕಚ್ಚು ಇದ್ದರೆ ಎನ್‌ವಿಎಂಇ. ನಿಮ್ಮ ಲ್ಯಾಪ್‌ಟಾಪ್ ಯಾವುದನ್ನು ಒಪ್ಪುತ್ತದೆಂದು ಮಾದರಿ ಸಂಖ್ಯೆ ಹೇಳಿ ಕೇಳಿಯೇ ಕೊಳ್ಳಿ. ಎನ್‌ವಿಎಂಇಯಲ್ಲಿ 3500 ಎಂಬಿ, 7000 ಎಂಬಿ ಎಂಬ ದೊಡ್ಡ ಸಂಖ್ಯೆಗಳು ಕಾಣುತ್ತವೆ. ಸಿನಿಮಾ ಎಡಿಟಿಂಗ್ ಮಾಡುವವರಿಗೆ ಅವು ಬೇಕು. ನಮಗೆ ಹುಡುಕಾಟದ ಸಮಯ ಮುಖ್ಯ ಎಂದು ಆಗಲೇ ಲೆಕ್ಕ ಹಾಕಿದ್ದೇವಲ್ಲ.

ಜಾಗ ಎಷ್ಟು ಬೇಕು? ಜಿಬಿಗೆ ಎಷ್ಟು ರೂಪಾಯಿ ಬಿತ್ತೆಂದು ಭಾಗಾಕಾರ ಮಾಡಿ ನೋಡಿ. ಫ್ಲ್ಯಾಶ್ ಚಿಪ್ಪಿನ ಬೆಲೆ ಆಗಾಗ ಏರಿಳಿಯುತ್ತದೆ, ಆದ್ದರಿಂದ ಇದನ್ನು ಬರೀ ಉದಾಹರಣೆಯಾಗಿ ತೆಗೆದುಕೊಳ್ಳಿ: 240 ಜಿಬಿಗೆ 2400 ರೂಪಾಯಿ, 480 ಜಿಬಿಗೆ 3600 ರೂಪಾಯಿ ಎಂದರೆ ಮೊದಲನೆಯದು ಜಿಬಿಗೆ 10 ರೂಪಾಯಿ, ಎರಡನೆಯದು ಏಳೂವರೆ. ದೊಡ್ಡದು ಲಾಭ, ಸರಿ. ಆದರೆ ಮನೆಯಲ್ಲಿ ಇರುವುದೇ 2400 ಆದರೆ 240 ಜಿಬಿ ತಂದು ಸಂತೋಷವಾಗಿರಿ, ಓದು ಬರಹಕ್ಕೆ ಅದು ಸಾಕು. 120 ಜಿಬಿ ಮಾತ್ರ ಬೇಡ, ಆಪರೇಟಿಂಗ್ ಸಿಸ್ಟಮ್ ಮತ್ತು ಅಪ್‌ಡೇಟುಗಳಿಗೇ ಅದು ಬೇಗ ತುಂಬುತ್ತದೆ. ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ವಿಂಡೋಸ್ 240ರ ಬದಲು 223 ಎಂದು ತೋರಿಸಿದರೆ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಕಂಪನಿ 1 ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತದೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ, 107 ಕೋಟಿಗೂ ಸ್ವಲ್ಪ ಹೆಚ್ಚು ಎಂದು ಎಣಿಸುತ್ತದೆ. ಬೈಟ್ ಒಂದೂ ಕಳೆದಿಲ್ಲ.

ಅಂದಹಾಗೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ 11ನ್ನು ಒಪ್ಪದಿದ್ದರೆ ಲಿನಕ್ಸ್ ಮಿಂಟ್ ಹಾಕಿಸಿ. ಅದು ಉಚಿತ, ಕನ್ನಡದಲ್ಲಿ ಟೈಪ್ ಮಾಡಲೂ ಬರುತ್ತದೆ, ಅಗ್ಗದ ಎಸ್‌ಎಸ್‌ಡಿಯಲ್ಲಿ ಹಾಯಾಗಿ ಓಡುತ್ತದೆ.

ಕೊನೆಗೆ ನಕಲಿ ಮಾಲಿನ ವಿಷಯ. "16 ಟಿಬಿ ಎಸ್‌ಎಸ್‌ಡಿ" ಎಂದು ಸಾವಿರ ಎರಡು ಸಾವಿರ ರೂಪಾಯಿಗೆ ಆನ್‌ಲೈನಿನಲ್ಲಿ ಕಾಣುವ ಡಬ್ಬಿಗಳನ್ನು ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಮೊಬೈಲಿಗೆ ಹಾಕುವಂಥ ಚಿಕ್ಕ ಮೆಮೊರಿ ಕಾರ್ಡ್, ಅಂಟಿನಲ್ಲಿ ಅಂಟಿಸಿದ್ದು. ಒಳಗಿನ ಪ್ರೋಗ್ರಾಮನ್ನು ತಿದ್ದಿ ಕಂಪ್ಯೂಟರಿಗೆ 16 ಟಿಬಿ ಎಂದು ಸುಳ್ಳು ಹೇಳಿಸುತ್ತಾರೆ. ಮೊದಲ ಕೆಲವು ಫೈಲ್ ಚೆನ್ನಾಗೇ ಕೂರುತ್ತವೆ. ಕಾರ್ಡ್ ತುಂಬಿದ ಮೇಲೆ ಹೊಸ ಫೈಲುಗಳು ಹಳೆಯದರ ಮೇಲೆಯೇ ಬೀಳುತ್ತವೆ ಅಥವಾ ಮಾಯವಾಗುತ್ತವೆ. ಫೋಟೊಗಳು ಹೋದದ್ದು ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಯಾರೋ ಕಷ್ಟಪಟ್ಟು ಉಳಿಸಿದ ದುಡ್ಡಿಗೆ ಹೀಗಾಗುವುದನ್ನು ನೆನೆದರೆ ನನಗೆ ಬಹಳ ಬೇಸರವಾಗುತ್ತದೆ.

ಇದನ್ನು ಪತ್ತೆ ಹಚ್ಚುವ ವಿಧಾನ ಸರಳ. ಎಷ್ಟು ಜಾಗ ಇದೆಯೆಂದು ಹೇಳುತ್ತದೋ ಅಷ್ಟನ್ನೂ ಗೊತ್ತಿರುವ ಮಾಹಿತಿಯಿಂದ ತುಂಬಿ, ಮತ್ತೆ ಪೂರ್ತಿ ಓದಿ, ಬರೆದದ್ದೂ ಓದಿದ್ದೂ ಒಂದೇನಾ ಎಂದು ಹೋಲಿಸುವುದು. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸಿನಲ್ಲಿ ಎಫ್3 ಎಂಬ ಉಚಿತ ಪ್ರೋಗ್ರಾಮುಗಳು ಈ ಕೆಲಸ ಮಾಡುತ್ತವೆ. ತಂದ ದಿನವೇ, ನಿಮ್ಮ ಫೈಲುಗಳನ್ನು ಹಾಕುವ ಮುಂಚೆಯೇ, ಈ ಪರೀಕ್ಷೆ ಓಡಿಸಿ. 240 ಜಿಬಿಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಹಿಡಿಯಬಹುದು. ಪೂರ್ತಿ ಪಾಸಾಗುವವರೆಗೆ ಬಿಲ್ಲನ್ನೂ ಡಬ್ಬಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಿ; ಪಾಸಾದ ಮೇಲೂ ಬಿಲ್ಲಿನ ಒಂದು ಫೋಟೊ ತೆಗೆದಿಡಿ, ಅಂಗಡಿಯ ಕಾಗದದ ಅಕ್ಷರ ಮೂರು ವರ್ಷ ಬಾಳದೆ ಹೋಗಬಹುದು.